11ರಲ್ಲೇ ನಿಂತಿದ್ದ ಗೊದ್ದದ ಗೂಡು 300 ಮುಟ್ಟಿದ ಬಗೆ

ಎರಡು ವರ್ಷ ನಾನು ಮನೆಯಲ್ಲಿ ಸಾಕುವ ಕ್ಯಾಂಪೊನೋಟಸ್ ಲಿಗ್ನಿಪೆರ್ಡಾ (ಚಳಿಸೀಮೆಯ ಒಂದು ಗೊದ್ದದ ಜಾತಿ) ಗೂಡಿನಲ್ಲಿ ಕೆಲಸಗಾರ ಇರುವೆಗಳು 11ರಿಂದ 14ರ ನಡುವೆಯೇ ಇದ್ದವು. ನಾಲ್ಕು ಹುಟ್ಟಿದರೆ ಮೂರು ಸಾಯುತ್ತಿದ್ದವು. ಗೊದ್ದದ ಜಾತಿಯೇ ನಿಧಾನ, ಕೈ ಹಾಕದೆ ಕಾಯಿರಿ ಎಂದು ಕೇಳಿದವರೆಲ್ಲ ಹೇಳಿದರು. ಶಾಖ ಕೊಟ್ಟರೆ ರಾಣಿ ಬೇಯುತ್ತದೆ ಎಂದರು, ಫ್ರಿಜ್‌ನಲ್ಲಿಟ್ಟರೆ ಸಾಯುತ್ತದೆ ಎಂದರು. ಎರಡನ್ನೂ ಮಾಡಿದೆ. ಮೂರನೇ ಋತುವಿನ ಕೊನೆಗೆ ಎಣಿಕೆ 90ರ ಹತ್ತಿರ ಬಂತು, ನಾಲ್ಕನೆಯದರಲ್ಲಿ 300ರ ಆಸುಪಾಸು. ರಾಣಿ ಅದೇ, ನೀರು ಅದೇ, ಬೀರುವಿನ ಮೂಲೆಯೂ ಅದೇ.

ನಿಧಾನ ಎಂಬ ಮಾತು ಅರ್ಧ ನಿಜ. ಕೋಣೆಯ 21–22 ಡಿಗ್ರಿಯಲ್ಲಿ ನನ್ನ ಗೂಡಿನ ಮೊಟ್ಟೆ ಕೆಲಸಗಾರನಾಗಲು ಹತ್ತು ವಾರಕ್ಕೂ ಹೆಚ್ಚು ಹಿಡಿಯುತ್ತಿತ್ತು. 26 ಡಿಗ್ರಿಯಲ್ಲಿ ಅದು ಏಳು ವಾರದ ಸುತ್ತಮುತ್ತ ಬಂತು. ಬೇಸಿಗೆ ಒಂದೇ ಇರುವಾಗ ಈ ಮೂರು ವಾರದಲ್ಲಿ ಇಡೀ ಒಂದು ತಲೆಮಾರು ಮರಿಗಳ ಲಾಭನಷ್ಟ ಇದೆ.

ನನ್ನ ಗೂಡು ಒಂದು ಗಾಜಿನ ಟ್ಯೂಬು: ಒಂದು ತುದಿಯಲ್ಲಿ ಹತ್ತಿಯಿಂದ ತಡೆದ ನೀರು, ನಡುವೆ ಇರುವೆಗಳ ಒಣ ಜಾಗ, ಬಾಯಿಗೆ ಇನ್ನೊಂದು ಹತ್ತಿ. ಶಾಖದಲ್ಲಿ ನಾನು ಮೊದಲು ಮಾಡಿದ ತಪ್ಪು ಟ್ಯೂಬಿನ ಅಡಿಗೆ ಉದ್ದಕ್ಕೂ ಹೀಟ್ ಮ್ಯಾಟ್ ಹಾಸಿದ್ದು. ನೀರಿನ ಕಡೆಯೂ ಬಿಸಿಯಾದರೆ ಹತ್ತಿಯ ಹಿಂದೆ ಸಿಕ್ಕಿಕೊಂಡ ಗಾಳಿಗುಳ್ಳೆ ಹಿಗ್ಗಿ ನೀರನ್ನು ಮುಂದಕ್ಕೆ ದೂಡುತ್ತದೆ. ಒಂದೇ ರಾತ್ರಿಯಲ್ಲಿ ಟ್ಯೂಬಿನ ಮೂರನೇ ಒಂದು ಭಾಗ ಕೆರೆಯಾಗಿತ್ತು. ಮೇಲ್ಗಾಜಿನಲ್ಲಿ ಕಟ್ಟಿದ ಹನಿಗಳಿಗೆ ಸಣ್ಣ ಲಾರ್ವಾಗಳು ಅಂಟಿಕೊಂಡು ಐದಾರು ಹೋದವು. ಆಮೇಲೆ ಮ್ಯಾಟ್ ತೆಗೆದು ಹೀಟಿಂಗ್ ಕೇಬಲ್ ತಂದೆ. ನೀರಿಗೆ ಎದುರಿನ ತುದಿಯಲ್ಲಿ, ಬಾಯಿಯ ಹತ್ತಿಯಿಂದ ಮೂರು ಬೆರಳು ಒಳಗೆ, ಟ್ಯೂಬಿನ ಕೆಳಗೆ ಎರಡು ಸುತ್ತು. ಕೇಬಲ್ಲಿಗೂ ಗಾಜಿಗೂ ನಡುವೆ ಒಂದು ಪದರ ರಟ್ಟು. ಥರ್ಮೋಸ್ಟಾಟಿನ ಶಾಖ ಅಳೆಯುವ ತಂತಿಯ ತುದಿ ರಟ್ಟಿಗೂ ಗಾಜಿಗೂ ನಡುವೆ ಕೂರಬೇಕು. ಗಾಳಿಯಲ್ಲಿ ನೇತಾಡುತ್ತಿದ್ದರೆ ಅದು 25 ತೋರಿಸುವಾಗ ಗಾಜು 31 ಇರುತ್ತದೆ. ನಾನು 26ಕ್ಕೆ ನಿಲ್ಲಿಸಿದ್ದೇನೆ. ನೀರಿನ ಕಡೆ 21–22 ಉಳಿಯುತ್ತದೆ. ರಾತ್ರಿ ಎಂಟು ಗಂಟೆ ಕಾಲ ಆರಿಸಿಡುತ್ತೇನೆ, ಅದರಿಂದ ಬೆಳವಣಿಗೆ ತಗ್ಗಿದ್ದು ಕಂಡಿಲ್ಲ.

ಸರಿಯಾಗಿದೆಯೇ ಎಂದು ತಿಳಿಯಲು ಥರ್ಮಾಮೀಟರಿಗಿಂತ ಇರುವೆಗಳನ್ನು ನೋಡಿ. ಕೋಶಗಳನ್ನು (ಬೆಳೆದ ಲಾರ್ವಾ ತನ್ನ ಸುತ್ತ ನೂಲಿನಿಂದ ಕಟ್ಟಿಕೊಂಡ ಚೀಲ) ಬಿಸಿ ತುದಿಗೆ ತಂದು ಪೇರಿಸಿ, ಮೊಟ್ಟೆ ಮತ್ತು ಎಳೆ ಲಾರ್ವಾಗಳನ್ನು ನೀರಿನ ಹತ್ತಿಯ ಬಳಿ ಇಟ್ಟುಕೊಂಡರೆ ಎಲ್ಲ ಸರಿ ಇದೆ. ಕೋಶಗಳೂ ನೀರಿನ ಕಡೆಗೆ ಓಡಿದರೆ ಎರಡು ಡಿಗ್ರಿ ಇಳಿಸಿ. ಎಲ್ಲವೂ ಕೇಬಲ್ಲಿನ ಮೇಲೆಯೇ ಗುಂಪಾದರೆ ಶಾಖ ಸಾಲದು.

ದುಡ್ಡಿನ ವಿಷಯ ಹೇಳಲೇಬೇಕು. 11 ಇರುವೆ ಇದ್ದಾಗಲೇ ಎಂಟು ಕೋಣೆಗಳ ಸಿದ್ಧ ಅಕ್ರಿಲಿಕ್ ಗೂಡು ಕೊಂಡೆ. ಕೇಬಲ್ಲು, ಥರ್ಮೋಸ್ಟಾಟ್ ಸೇರಿ ಅದರ ಬೆಲೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ, ಆದರೆ ಗೂಡನ್ನು ಬೆಳೆಸಿದ್ದು ಅವೇ. ಅಕ್ರಿಲಿಕ್ ಗೂಡಿನಲ್ಲಿ ಇರುವೆಗಳು ಮೂರು ಕೋಣೆಗೆ ಹಂಚಿಹೋದವು. ರಾಣಿಯ ಬಳಿ ನಾಲ್ಕೇ ಉಳಿದವು. ದೂರದ ಕೋಣೆ ತಿಪ್ಪೆಯಾಯಿತು, ಹುಳದ ಚೂರುಗಳ ಮೇಲೆ ಬೂಷ್ಟು ಎದ್ದಿತು. ಹೆಚ್ಚಿನ ಇರುವೆ ಕುಲಗಳಿಗಿರುವ ಮೆಟಾಪ್ಲೂರಲ್ ಗ್ರಂಥಿ ಕ್ಯಾಂಪೊನೋಟಸ್‌ನ ಬಹುಪಾಲು ಜಾತಿಗಳಿಗೆ ಇಲ್ಲ. ಬೂಷ್ಟು ತಡೆಯುವ ದ್ರವ ಸ್ರವಿಸುವ ಗ್ರಂಥಿ ಅದು. ಹಾಗಾಗಿ ಕೊಳಕು ಗೂಡನ್ನು ನಾಲ್ಕೈದು ಇರುವೆ ನಿಭಾಯಿಸಲಾರವು. ಆರು ವಾರಕ್ಕೆ ಮತ್ತೆ ಟ್ಯೂಬಿಗೆ ತಂದೆ.

ವಾಪಸ್ ತರುವಾಗ ಅಲ್ಲಾಡಿಸಿ ಸುರಿಯಬೇಡಿ. ಹೊಸ ಟ್ಯೂಬನ್ನು ಬಾಯಿಗೆ ಬಾಯಿ ಹೊಂದಿಸಿ ಟೇಪ್ ಸುತ್ತಿ, ಹಳೆಯದರ ಮೇಲೆ ಬೆಳಕು, ಹೊಸದರ ಮೇಲೆ ಕಪ್ಪು ರಟ್ಟು, ಕೇಬಲ್ ಹೊಸದರ ಕೆಳಗೆ. ನನ್ನವು ಒಂಬತ್ತನೇ ದಿನ ಹೋದವು, ರಾಣಿ ಕೊನೆಗೆ. ಲಿಗ್ನಿಪೆರ್ಡಾ ರಾಣಿಗೆ 16 ಮಿಲಿಮೀಟರ್ ಟ್ಯೂಬ್ ಬಿಗಿಯಾಗುತ್ತದೆ, 20ರದ್ದು ಬೇಕು, ಉದ್ದ 200 ಇದ್ದರೆ ನೀರು ಒಂದು ಋತು ಬರುತ್ತದೆ. ಟ್ಯೂಬು ಬಿಡಿಸಲು ಎಷ್ಟು ಇರುವೆ ಆಗಬೇಕು ಎಂದು ಕೇಳುವವರಿದ್ದಾರೆ. ನಾನು ತಲೆ ಎಣಿಸುವುದಿಲ್ಲ. ಇರುವೆ, ಮರಿ ಸೇರಿ ಟ್ಯೂಬಿನ ಒಣನೆಲದ ಅರ್ಧಕ್ಕಿಂತ ಹೆಚ್ಚು ತುಂಬಬೇಕು. ಅಲ್ಲಿಯವರೆಗೆ ಟ್ಯೂಬೇ ಅರಮನೆ.

ಮರಳು ಹಾಕದಿದ್ದುದರ ನಷ್ಟ ನನಗೆ ತಡವಾಗಿ ತಿಳಿಯಿತು. ಕೋಶ ಸುತ್ತುವ ಲಾರ್ವಾಕ್ಕೆ ನೂಲು ಕಚ್ಚಿಸಲು ಸುತ್ತ ಏನಾದರೂ ಬೇಕು. ಬರಿಗಾಜಿನಲ್ಲಿ ದಪ್ಪ ಲಾರ್ವಾಗಳು ತಲೆ ಆಡಿಸಿ ಆಡಿಸಿ ಸೋತು ಕಪ್ಪಾದವು. ಕೋಶವಿಲ್ಲದ ಪ್ಯೂಪಾ ಬದುಕುವುದೂ ಉಂಟು, ಆದರೆ ನನ್ನ ಲೆಕ್ಕದಲ್ಲಿ ಮೂರರಲ್ಲಿ ಒಂದು. ಈಗ ತೊಳೆದು, ಹುರಿದು, ಆರಿಸಿದ ನಯ ಮರಳು ಒಂದು ಚಿಟಿಕೆ, ಅಂದರೆ ಕಾಲು ಟೀ ಚಮಚಕ್ಕೂ ಕಡಿಮೆ, ಒಣ ಭಾಗದಲ್ಲಿ ಹಾಕುತ್ತೇನೆ. ಹಾಕಿದ ಮೊದಲ ಸಲವೇ ಕಂಡ ನೋಟ: ಎರಡು ಕೆಲಸಗಾರರು ಅಕ್ಕಿಕಾಳಿನಷ್ಟು ದಪ್ಪದ ಲಾರ್ವಾವನ್ನು ತಂದು ಮಲಗಿಸಿ, ಒಂದೊಂದೇ ಹರಳು ಕಚ್ಚಿ ತಂದು ಮೈಮೇಲೆ ಹೊದಿಸಿದವು. ಹೊರಗೆ ಉಳಿದದ್ದು ತಲೆ ಮಾತ್ರ. ಅದು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೊರಳುತ್ತ ಹರಳಿನಿಂದ ಹರಳಿಗೆ ನೂಲು ಎಳೆಯಿತು. ಮರುದಿನ ಸಂಜೆ ಹೊತ್ತಿಗೆ ಕೋಶ ಮುಚ್ಚಿತ್ತು. ಕೆಲಸಗಾರರು ಹರಳುಗಳನ್ನು ಒಂದೊಂದಾಗಿ ಕಿತ್ತು, ಕೋಶವನ್ನು ನೆಕ್ಕಿ ಬೆಳ್ಳಗೆ ಮಾಡಿ ಬಿಸಿ ತುದಿಗೆ ಹೊತ್ತೊಯ್ದವು. ಕೆಲವು ದಿನಕ್ಕೆ ಕೋಶದ ಒಂದು ತುದಿಯಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಲಾರ್ವಾ ಹೊಟ್ಟೆ ಖಾಲಿ ಮಾಡಿಕೊಂಡ ಗುರುತು ಅದು, ರೋಗವಲ್ಲ. ಆ ಚುಕ್ಕೆ ನೋಡಿ ಕೋಶ ಹೊರಗೆಸೆದವರನ್ನು ನಾನು ಬಲ್ಲೆ. ತಡವಾಯಿತೆಂದು ಕೋಶವನ್ನು ನೀವೇ ಬಿಡಿಸಲೂ ಹೋಗಬೇಡಿ. ಒಳಗಿನದು ಮಾಗಿದಾಗ ಕೆಲಸಗಾರರೇ ಕತ್ತರಿಸುತ್ತವೆ.

ಮೇವಿನಲ್ಲಿ ನನ್ನ ಎರಡು ವರ್ಷದ ತಪ್ಪು ಸಿಹಿ ಹೆಚ್ಚು, ಹುಳ ಕಡಿಮೆ ಕೊಟ್ಟದ್ದು. ಇರುವೆಗಳ ಹೊಟ್ಟೆ ಉಬ್ಬಿ ಪಟ್ಟೆ ಕಾಣುತ್ತಿತ್ತು, ನಾನು ಗೂಡು ಆರೋಗ್ಯವಾಗಿದೆ ಎಂದುಕೊಂಡೆ. ಸಿಹಿ ದೊಡ್ಡವುಗಳ ಓಡಾಟಕ್ಕೆ. ಲಾರ್ವಾ ಬೆಳೆಯಲು, ರಾಣಿ ಮೊಟ್ಟೆ ಇಡಲು ಹುಳದ ಸಾರ ಬೇಕು. ಈಗಿನ ಕ್ರಮ: ಲಾರ್ವಾ ಇದ್ದಷ್ಟು ದಿನವೂ ಎರಡು ದಿನಕ್ಕೊಮ್ಮೆ ಹುಳ. ಹತ್ತು ಇರುವೆಗೆ ಒಂದು ಹಣ್ಣುನೊಣ, ಅಥವಾ ಚಿಮ್ಮಂಡೆಯ ಒಂದು ತೊಡೆ, ಅಥವಾ ಮೀಲ್‌ವರ್ಮಿನ (ಮೇವಿಗೆ ಬಳಸುವ ದುಂಬಿಯ ಮರಿಹುಳು) ಎರಡು ಮಿಲಿಮೀಟರ್ ಹೋಳು. ಕುದಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ಅಥವಾ ಫ್ರೀಜರಿನಲ್ಲಿಟ್ಟು ಸಾಯಿಸಿ, ಒಳಭಾಗ ತೆರೆದು ಕಾಣುವಂತೆ ಕತ್ತರಿಸಿ ಕೊಡಬೇಕು. ಪುಟ್ಟ ಗೂಡಿಗೆ ಇಡೀ ಚಿಮ್ಮಂಡೆ ಹಾಕಿದರೆ ಒಡೆಯಲಾಗದೆ ಬಿಟ್ಟುಬಿಡುತ್ತವೆ, ಮೂರನೇ ದಿನ ಬೂಷ್ಟು. ಉಳಿದದ್ದನ್ನು 24 ಗಂಟೆಯೊಳಗೆ ತೆಗೆಯಿರಿ.

ಹೊರಗಿನಿಂದ ಹಿಡಿದ ಹುಳ ಬೇಡ. ಹಾಗೆ ಹಿಡಿದ ಒಂದು ಪತಂಗ ಕೊಟ್ಟ ಎರಡೇ ದಿನಕ್ಕೆ 13ರಲ್ಲಿ ನಾಲ್ಕು ಇರುವೆ ಕಾಲು ಮಡಚಿ ಬಿದ್ದವು. ಎಲ್ಲೋ ಸಿಂಪಡಿಸಿದ ವಿಷ, ಬೇರೆ ಕಾರಣ ನನಗೆ ಕಾಣಲಿಲ್ಲ. ಮೂರನೇ ಒಂದು ಭಾಗ ದಂಡು ಹೋದರೆ ಆ ಋತುವೇ ಹೋದಂತೆ.

ಸಿಹಿಗೆ ಸಕ್ಕರೆ ಒಂದು ಪಾಲು, ನೀರು ಮೂರರಿಂದ ನಾಲ್ಕು ಪಾಲು. ಫಾಯಿಲ್ ಚೂರಿನ ಮೇಲೆ ಮೂರು ಹನಿ, ಎರಡು ದಿನಕ್ಕೆ ಬದಲು. ನೀರು ಬೆರೆಸದ ಜೇನು ಅಂಟಿಗೆ ಇರುವೆ ಸಿಕ್ಕಿಬೀಳುತ್ತದೆ. ಸಿದ್ಧ ಜೆಲ್ಲಿಗೆ ಸುರಿದ ದುಡ್ಡು ಪೂರ್ತಿ ನೀರಿಗೆ ಹೋಯಿತು, ಒಂದೂ ಮುಟ್ಟಲಿಲ್ಲ. ಬೂಷ್ಟು ತಡೆಯಲು ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸುವವರಿಗೆ ಒಂದು ಮಾತು: ಕ್ಯಾಂಪೊನೋಟಸ್‌ನ ಕರುಳಗೋಡೆಯ ಜೀವಕೋಶಗಳಲ್ಲಿ ಬ್ಲಾಕ್‌ಮಾನಿಯಾ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ. ಇರುವೆಗೆ ಬೇಕಾದ ಅಮೈನೋ ಆಮ್ಲಗಳನ್ನು ಅದು ತಯಾರಿಸಿ ಕೊಡುತ್ತದೆ. ಅದನ್ನು ಕೊಂದರೆ ಗೂಡಿನ ಮರಿ ಸಾಕುವ ಶಕ್ತಿಯೇ ಕುಗ್ಗುತ್ತದೆ. ಆ್ಯಂಟಿಬಯಾಟಿಕ್ ಕೈಯಿಂದ ಕೆಳಗಿಡಿ.

ವಸಂತದ ಮೊದಲ ಮೂರು ವಾರ ಹುಳದ ಜೊತೆಗೆ ನಾನೇ ಕಲಸುವ ಒಂದು ದ್ರವ ಕೊಡುತ್ತೇನೆ. ಮೊಟ್ಟೆಯ ಹಳದಿ ಅದರಲ್ಲಿದೆ ಎಂದಷ್ಟೇ ಹೇಳುತ್ತೇನೆ. ಉಳಿದೆರಡು ಪದಾರ್ಥ, ಅಳತೆ ಈಗ ಬಿಟ್ಟುಕೊಡುವುದಿಲ್ಲ. ಎರಡನೇ ಗೂಡಿನಲ್ಲಿ ಇನ್ನೊಂದು ಋತು ನೋಡಬೇಕಿದೆ.

ಇನ್ನು ಚಳಿಗಾಲ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ. ಬೆಚ್ಚಗಿದ್ದರೆ ವರ್ಷವಿಡೀ ಬೆಳೆಯುತ್ತವೆ ಎಂದು ಮೊದಲ ವರ್ಷ ಚಳಿಗಾಲವನ್ನೇ ಕೊಡಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ರಾಣಿ ಮೊಟ್ಟೆ ನಿಲ್ಲಿಸಿತು. 25 ಡಿಗ್ರಿ ಶಾಖ ಇದ್ದರೂ ಎಳ್ಳುಕಾಳಿನಷ್ಟಿದ್ದ ಲಾರ್ವಾಗಳು ಏಳು ತಿಂಗಳು ಹಾಗೇ ಕುಳಿತವು. ಅತ್ತ ಹಳೆಯ ಕೆಲಸಗಾರರು ಒಂದೊಂದೇ ಸತ್ತವು. ಲಿಗ್ನಿಪೆರ್ಡಾ, ಹರ್ಕ್ಯುಲಿಯಾನಸ್, ಪೆನ್ಸಿಲ್ವ್ಯಾನಿಕಸ್‌ನಂಥ ಚಳಿಸೀಮೆಯ ಜಾತಿಗಳ ಒಳಗಡಿಯಾರಕ್ಕೆ ಚಳಿಯೇ ಕೀಲಿ. ಶಾಖದಿಂದ ಅದನ್ನು ತಿರುಗಿಸಲಾಗದು. ಕಂಪ್ರೆಸಸ್, ಪೇರಿಯಸ್‌ನಂಥ ಬಿಸಿಸೀಮೆಯವು ಬೇರೆ, ಅವನ್ನು ಫ್ರಿಜ್‌ಗೆ ಹಾಕಬೇಡಿ.

ನಾನು ಈಗ ಮಾಡುವುದು ಹೀಗೆ. ಮೊಟ್ಟೆ ನಿಂತು, ಕೋಶಗಳೆಲ್ಲ ಒಡೆದು, ಸಣ್ಣ ಲಾರ್ವಾ ಮಾತ್ರ ಉಳಿದ ಮೇಲೆ ಎರಡು ವಾರ ಸಿಹಿ ಹೊಟ್ಟೆತುಂಬ. ನಂತರ ಕೇಬಲ್ ಆಫ್. ಮೂರು ವಾರದಲ್ಲಿ ಹಂತಹಂತವಾಗಿ 15, 10, ಕೊನೆಗೆ 6–8 ಡಿಗ್ರಿ. ಅಲ್ಲಿ ನಾಲ್ಕು ತಿಂಗಳಿಗೆ ಸ್ವಲ್ಪ ಕಡಿಮೆ. ಎರಡೇ ತಿಂಗಳಿಗೆ ತೆಗೆದ ವರ್ಷ ರಾಣಿ ಎದ್ದರೂ ಮೊಟ್ಟೆ ಐದಾರಕ್ಕೆ ನಿಂತಿತ್ತು. ಟ್ಯೂಬನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಫ್ರಿಜ್‌ನಲ್ಲಿಡಿ, ಕಂಪ್ರೆಸರಿನ ನಡುಕ ತಟ್ಟುವುದಿಲ್ಲ. ಇಡುವ ಮುಂಚೆ ನೀರು ಅರ್ಧಕ್ಕಿಂತ ಹೆಚ್ಚಿರಲಿ. ಫ್ರಿಜ್‌ನ ಗಾಳಿ ಒಣಗಾಳಿ, ಮೊದಲ ಸಲ ಮೂರನೇ ತಿಂಗಳಿಗೆ ಹತ್ತಿ ಒಣಗಿ ಎರಡು ಇರುವೆ ಹೋದವು. ತಿಂಗಳಿಗೊಮ್ಮೆ ನೀರು ನೋಡಿ. ಅಲ್ಲಾಡದೆ ಬಿದ್ದಿವೆಯೆಂದು ಗಾಬರಿಯಾಗಬೇಡಿ.

ಎಬ್ಬಿಸಲು ಹತ್ತು ದಿನ ತೆಗೆದುಕೊಳ್ಳಿ. ಮೊದಲು ಸಕ್ಕರೆನೀರು, ನಾಲ್ಕನೇ ದಿನದಿಂದ ಹುಳ, ವಾರದ ಮೇಲೆ ಕೇಬಲ್. ಏಳು ತಿಂಗಳು ಬಿಸಿಯಲ್ಲಿ ಬೆಳೆಯದ ಲಾರ್ವಾ ಚಳಿ ಕಂಡ ಮೇಲೆ ಹದಿನೈದು ದಿನದಲ್ಲಿ ನಾಲ್ಕು ಪಟ್ಟಾಗುತ್ತದೆ. ರಾಣಿ ಎರಡು–ಮೂರು ವಾರದಲ್ಲಿ ಮೊಟ್ಟೆಗೆ ಕೂರುತ್ತದೆ. ಮುಂದಿನ ಎಂಟು–ಹತ್ತು ವಾರದಲ್ಲೇ ವರ್ಷದ ಗಳಿಕೆ. ಹುಳ ತಪ್ಪಿಸಲೇಬಾರದ ಕಾಲ ಇದು.

ನಡುವೆ ಮಾಡಿದ ಕೆಲವು ಪ್ರಯೋಗ. ನನ್ನ ಇನ್ನೊಂದು ಲಿಗ್ನಿಪೆರ್ಡಾ ಗೂಡಿನ ರಾಣಿ ಸತ್ತಾಗ ಅಲ್ಲಿನ 20ರಷ್ಟು ಕೋಶ ಇದಕ್ಕೆ ಕೊಟ್ಟೆ. ತಕ್ಷಣ ಹೊತ್ತೊಯ್ದವು, ಆದರೆ ನೋಡಿಕೊಳ್ಳುವ ಕೈ ಸಾಲದೆ ಆರು ಬೂಷ್ಟು ಹಿಡಿದವು. ಒಂದು ಇರುವೆಗೆ ಒಂದು ಕೋಶ ಸಾಕು, ಅದೂ ಅದೇ ಜಾತಿಯದು. ಬೆಳೆದ ಕೆಲಸಗಾರರನ್ನು ಸೇರಿಸಿದರೆ ಕೊಲೆಯೇ. ಕತ್ತಲಿಗಾಗಿ ಟ್ಯೂಬಿಗೆ ಹೊದಿಸುವ ಕೆಂಪು ಹಾಳೆಗೂ ರಟ್ಟಿಗೂ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ರಟ್ಟಿನ ಲಾಭ ಏನೆಂದರೆ ಇಣುಕುವುದು ನಿಲ್ಲುತ್ತದೆ. ದಿನಾ ತೆರೆದು ನೋಡುತ್ತಿದ್ದ ತಿಂಗಳು ಮೊಟ್ಟೆ 15ರಿಂದ 4ಕ್ಕೆ ಇಳಿದಿತ್ತು, ತಾವೇ ತಿಂದಿದ್ದವು. ಹತ್ತು ದಿನಕ್ಕೊಮ್ಮೆ ನೋಡತೊಡಗಿದ ಮೇಲೆ ಮೊಟ್ಟೆಯ ಗುಡ್ಡೆ ಕರಗಲಿಲ್ಲ.

70 ದಾಟಿದ ಮೇಲೆ ದೊಡ್ಡ ತಲೆಯ ಕೆಲಸಗಾರರು ಬಂದವು. ಅಲ್ಲಿಂದಾಚೆ ಹತ್ತಿ, ಕಾರ್ಕ್, ಫೋಮ್ ಯಾವುದನ್ನೂ ನಂಬಬೇಡಿ, ಕೊರೆದು ಹಾಕುತ್ತವೆ. ಎಂಟು ಕೋಣೆಯ ಆ ಗೂಡು ಕೊನೆಗೆ ಕೆಲಸಕ್ಕೆ ಬಂದದ್ದು ಆಗಲೇ. ಆರು ಕೋಣೆಯ ಬಾಗಿಲಿಗೆ ಪ್ಲಾಸ್ಟರ್ ತುಂಬಿ ಎರಡನ್ನು ಮಾತ್ರ ತೆರೆದಿಟ್ಟೆ. ಕೇಬಲ್ ಒಂದರ ಪಕ್ಕದಲ್ಲಿ, ನೀರು ಇನ್ನೊಂದರ ಅಡಿ. ಎರಡೂ ಕೋಣೆಯ ನೆಲ ಕಾಣದಷ್ಟು ತುಂಬಿದ ಮೇಲೆ ಮೂರನೆಯದರ ಪ್ಲಾಸ್ಟರನ್ನು ಸೂಜಿಯಿಂದ ಚುಚ್ಚಿ ಬಿಟ್ಟೆ. ಉಳಿದದ್ದನ್ನು ಅವೇ ಕೊರೆದವು. ಈಗ ಐದು ತೆರೆದಿವೆ.