ಹೆರಿಗೆ ರಜೆ ಮುಗಿಸಿ ಆಫೀಸಿಗೆ: ಎದೆಹಾಲು ಬಿಡಿಸಬೇಕಿಲ್ಲ
ರಜೆ ಮುಗಿಯುತ್ತಾ ಬಂದಾಗ ಎಲ್ಲರೂ ಕೇಳುವುದು ಒಂದೇ: "ಮಗೂನ ಯಾರು ನೋಡ್ಕೋತಾರೆ?" ಅದಕ್ಕೆ ಹೇಗೋ ದಾರಿ ಸಿಗುತ್ತದೆ. ಹಾಲಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕೆಲಸಕ್ಕೆ ಹೊರಟರೆ ಎದೆಹಾಲು ಬಿಡಿಸಲೇಬೇಕು ಅಂತ ಎಷ್ಟೋ ತಾಯಂದಿರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಖಂಡಿತ ಬೇಕಿಲ್ಲ. ನಾನು ಅಕೌಂಟ್ಸ್ ವಿಭಾಗದವಳು, ತಿಂಗಳ ಕೊನೆ ಬಂತೆಂದರೆ ತಲೆ ಎತ್ತಲೂ ಪುರುಸೊತ್ತಿಲ್ಲ. ಅದರ ನಡುವೆಯೇ ಮಗಳಿಗೆ ಎದೆಹಾಲು ಮುಂದುವರಿಸಿದೆ. ಮೊದಲೇ ಸ್ವಲ್ಪ ತಯಾರಿ ಬೇಕು, ಅಷ್ಟೇ.

ರಜೆ ಮುಗಿಯಲು ಎರಡು ಮೂರು ವಾರ ಇರುವಾಗಲೇ ಶುರು ಮಾಡಿ. ಸಾಮಾನ್ಯವಾಗಿ ಬೆಳಗಿನ ಹೊತ್ತು ಹಾಲು ಜಾಸ್ತಿ ಇರುತ್ತದೆ. ಮಗು ಕುಡಿದಾದ ಮೇಲೆ ಒಮ್ಮೆ ಪಂಪ್ ಮಾಡಿ ತೆಗೆದಿಡಿ. ಫ್ರೀಜರ್ ತುಂಬಿಸುವ ಹಟ ಬೇಡ. ಒಂದು ದಿನಕ್ಕಾಗುವಷ್ಟು ಇದ್ದು, ಮೇಲೆ ಒಂದೆರಡು ಬಾಟಲಿ ಇದ್ದರೆ ಸಾಕು. ಆಮೇಲೆ ಇವತ್ತು ತೆಗೆದದ್ದು ನಾಳೆಗೆ. ಆರು ತಿಂಗಳೊಳಗಿನ ಮಗುವಾದರೆ, ನೀವು ಹೊರಗಿರುವ ಪ್ರತಿ ಗಂಟೆಗೆ ಸುಮಾರು 30ರಿಂದ 45 ಮಿ.ಲೀ. ಲೆಕ್ಕ ಹಾಕಿ.

ಬಾಟಲಿ ಅಭ್ಯಾಸವನ್ನು ಬೇರೆಯವರು ಮಾಡಿಸಲಿ. ನೀವು ಹತ್ತಿರ ಇದ್ದರೆ ಮಗು ನಿಮ್ಮನ್ನೇ ಹುಡುಕುತ್ತದೆ. ನಮ್ಮಲ್ಲಿ ನನ್ನ ಗಂಡ ಕೊಡುತ್ತಿದ್ದರು, ಆ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದೆ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಬಾಟಲಿ ಅಡ್ಡಡ್ಡ ಹಿಡಿದು, ನಡುನಡುವೆ ನಿಲ್ಲಿಸಿ ಕೊಡಬೇಕು. ಹಾಲು ಸುರಿದಂತೆ ಬಂದರೆ ಮಗುವಿಗೆ ಅದೇ ಸಲೀಸಾಗಿ, ಆಮೇಲೆ ಎದೆ ಬೇಡ ಅಂತ ಮುಖ ತಿರುಗಿಸಬಹುದು.

ಆಫೀಸಿನಲ್ಲಿ ಮಾತಾಡುವುದನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಬೇಡಿ. ರಜೆಯಲ್ಲಿರುವಾಗಲೇ ಮ್ಯಾನೇಜರ್‌ಗೆ ತಿಳಿಸಿ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ, ಒಂದು ಕುರ್ಚಿ, ಒಂದು ಪ್ಲಗ್ ಕೇಳಿ. ಟಾಯ್ಲೆಟ್ಟಿನಲ್ಲಿ ಮಾಡಿಕೊಳ್ಳಿ ಅಂದರೆ ಒಪ್ಪಬೇಡಿ, ಅದು ಮಗುವಿನ ಊಟ. ಉಪಕಾರ ಬೇಡುತ್ತಿದ್ದೇನೆ ಅನ್ನುವ ಅಳುಕೂ ಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಪ್ಪಂದದ ಪ್ರಕಾರ, ಹಾಲುಣಿಸುವ ತಾಯಿಗೆ ದಿನವೂ ಬಿಡುವು ಕೊಡಬೇಕು ಇಲ್ಲವೇ ಕೆಲಸದ ಹೊತ್ತು ಕಡಿಮೆ ಮಾಡಬೇಕು, ಅದಕ್ಕೆ ಸಂಬಳ ಹಿಡಿಯುವಂತಿಲ್ಲ. ಎಲ್ಲ ದೇಶಗಳೂ ಇದನ್ನು ಒಪ್ಪಿಲ್ಲ. ನಿಮ್ಮಲ್ಲಿನ ಕಾನೂನು ಏನು ಅಂತ ನೋಡಿಕೊಂಡೇ ಮಾತಿಗೆ ಕೂತುಕೊಳ್ಳಿ. ಸಾಧ್ಯವಾದರೆ ವಾರದ ಮಧ್ಯೆ ಕೆಲಸಕ್ಕೆ ಸೇರಿ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ವಾರದ ರಜೆ ಬಂದುಬಿಡುತ್ತದೆ.

ಮೂರು ಗಂಟೆಗೊಮ್ಮೆ ಪಂಪ್ ಮಾಡುವ ಹೊತ್ತನ್ನು ಕ್ಯಾಲೆಂಡರಿನಲ್ಲಿ ಮೀಟಿಂಗ್ ಹಾಗೆಯೇ ಗುರುತು ಹಾಕಿ. ಎದೆ ಖಾಲಿಯಾದಷ್ಟೂ ಹಾಲು ಹುಟ್ಟುತ್ತದೆ. ತುಂಬಿಕೊಂಡೇ ಇದ್ದರೆ, ಸಾಕು ಅಂತ ದೇಹ ಕಡಿಮೆ ಮಾಡಿಬಿಡುತ್ತದೆ. ಒಂದು ಪಂಪಿಂಗ್ ತಪ್ಪಿದರೆ ಗಾಬರಿ ಬೇಡ, ದಿನಾ ತಪ್ಪಬಾರದು. ಕೂತ ಕೂಡಲೇ ಹಾಲು ಇಳಿಯದಿದ್ದರೆ ಪಂಪನ್ನು ಜೋರು ಮಾಡಬೇಡಿ, ಸುಮ್ನೆ ನೋವಾಗುತ್ತದೆ. ಮಗು ಹಾಕಿಕೊಂಡಿದ್ದ ಅಂಗಿ ಬ್ಯಾಗಿನಲ್ಲಿರಲಿ. ನಾನು ಮಗಳ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು, ಅವಳು ಆಕಳಿಸುವ ಒಂದು ವಿಡಿಯೊ ನೋಡುತ್ತಿದ್ದೆ. ಮೊದಲು ಹನಿ ಹನಿಯಾಗಿ ಬಿದ್ದು, ಆಮೇಲೆ ಎಳೆ ಎಳೆಯಾಗಿ ಬಾಟಲಿಯ ಗೋಡೆಗೆ ಚಿಮ್ಮಲು ಶುರುವಾಗುತ್ತಿತ್ತು. ಮೇಲಧಿಕಾರಿಯ ಮೇಲ್ ಓದುತ್ತಾ ಕೂತರೆ ಹಾಗಾಗುವುದಿಲ್ಲ. ಆ ಇಪ್ಪತ್ತು ನಿಮಿಷ ಫೋನಿನಲ್ಲಿ ಆಫೀಸು ಬೇಡ.

ತೆಗೆದ ಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಫ್ರೀಜರಿನಲ್ಲಾದರೆ 6 ತಿಂಗಳೊಳಗೆ ಬಳಸುವುದು ಒಳ್ಳೆಯದು. ಐಸ್ ಪ್ಯಾಕ್ ಇರುವ ಬ್ಯಾಗಿನಲ್ಲಿ ಒಂದು ದಿನ ತಡೆಯುತ್ತದೆ. ಪ್ರತಿ ಬಾಟಲಿಯ ಮೇಲೂ ತಾರೀಕು ಬರೆಯಿರಿ. ಮೇಲೆ ಕೆನೆ ಕಟ್ಟಿದರೆ ಕೆಟ್ಟಿದೆ ಅಂತಲ್ಲ, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತದೆ. ಮೈಕ್ರೋವೇವ್ ಬೇಡ, ಒಂದೊಂದು ಕಡೆ ಸುಡುವಷ್ಟು ಬಿಸಿಯಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರಾಯಿತು. ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯ ನಂತರ ಚೆಲ್ಲಿಬಿಡಬೇಕು. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಗೊತ್ತು. ಅದಕ್ಕೇ ಬಾಟಲಿಗೆ 60 ಮಿ.ಲೀ.ಯಂತೆ ಸ್ವಲ್ಪ ಸ್ವಲ್ಪವೇ ತುಂಬಿ.

ಇದನ್ನೆಲ್ಲ ಮನೆಯಲ್ಲಿರುವವರಿಗೆ ಒಮ್ಮೆ ಪೂರ್ತಿ ಹೇಳಿಕೊಡಿ, ಆಮೇಲೆ ಗಂಟೆಗೊಮ್ಮೆ ಫೋನ್ ಮಾಡಬೇಡಿ. ಅವರ ಕೈ ಪಳಗಲಿ.

ಮನೆಗೆ ಬಂದ ಮೇಲೆ ಮತ್ತು ರಾತ್ರಿ ಎದೆಗೇ ಹಾಕಿಕೊಳ್ಳಿ. ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಜಾಸ್ತಿ. ಎದೆಯಲ್ಲಿ ಗಂಟು ಕಟ್ಟಿ, ಕೆಂಪಾಗಿ, ಜ್ವರ ಬಂದರೆ ಮಾತ್ರ ರಜೆಯ ದಿನಕ್ಕೆ ಕಾಯಬೇಡಿ. ಹಾಲು ಕೊಡುವುದನ್ನು ನಿಲ್ಲಿಸದೆ ಅವತ್ತೇ ಡಾಕ್ಟರಿಗೆ ತೋರಿಸಿ.