ಕೆಟ್ಟ ಸುದ್ದಿ ಮೊದಲು ಹೇಳಿ: ಸಣ್ಣ ಕಂಪನಿಯಲ್ಲಿ ಎರಡನೇ ಸಾಲು ಕಟ್ಟುವುದು ಹೇಗೆ

ಪೀಣ್ಯ ಎರಡನೇ ಹಂತದಲ್ಲಿ ಲೋಹದ ಬಿಡಿಭಾಗ ಮಾಡುವ ನಮ್ಮದೊಂದು ಮೆಷಿನ್ ಶಾಪ್ ಇದೆ. ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಎಂಟು ಮೆಷಿನ್ (ಆರು ಸಿಎನ್‌ಸಿ, ಎರಡು ವಿಎಂಸಿ), ಎರಡು ಶಿಫ್ಟು, ಒಟ್ಟು 38 ಜನ. ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸ ಕಲಿತು ಶುರು ಮಾಡಿದ್ದು. ಈಗ ನಾನು ನೋಡಿಕೊಳ್ಳುತ್ತೇನೆ. ಲೀಡರ್‌ಶಿಪ್ ಟೀಮ್, ಕಂಪನಿ ಕಲ್ಚರ್ ಅಂದರೆ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡದವರ ವಿಷಯ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಮ್ಮಂಥ ಶೆಡ್ಡುಗಳಿಗೇ ಅದು ಜಾಸ್ತಿ ಬೇಕು. ಇಲ್ಲಿ ಓನರ್‌ಗೆ ಎರಡು ದಿನ ಜ್ವರ ಬಂದರೆ ಮಾಲು ಹೊರಡುವುದಿಲ್ಲ. ಓನರ್ ಇಲ್ಲದಾಗಲೂ ನಿರ್ಧಾರ ತೆಗೆದುಕೊಳ್ಳುವವರನ್ನೇ ನಾನು ಎರಡನೇ ಸಾಲು ಅನ್ನುವುದು.

ನನಗೆ ಇದು ಅರ್ಥವಾದದ್ದು 400 ಬುಶ್ (ನಡುವೆ ತೂತಿರುವ ಬಳೆಯಂಥ ಭಾಗ) ಗುಜರಿಗೆ ಹಾಕಿದ ದಿನ. ಬೋರ್, ಅಂದರೆ ಒಳಗಿನ ತೂತು, 25 ಮಿ.ಮೀ.; ಅಳತೆಯ ಮಿತಿ ಎಚ್7. ಅಂದರೆ 21 ಮೈಕ್ರಾನ್‌ವರೆಗೆ (ಮೈಕ್ರಾನ್ ಅಂದರೆ ಮಿ.ಮೀ.ನಲ್ಲಿ ಸಾವಿರದ ಒಂದು ಪಾಲು) ದೊಡ್ಡದಾದರೆ ಪರವಾಗಿಲ್ಲ, ಅದಕ್ಕಿಂತ ಆಚೆ ಹೋಗುವಂತಿಲ್ಲ. ರಾತ್ರಿ ಶಿಫ್ಟಿನಲ್ಲಿ ಇನ್ಸರ್ಟ್ (ಟೂಲಿನ ತುದಿಗೆ ಹಾಕುವ ಕತ್ತರಿಸುವ ಚೂರು) ಬದಲಿಸಿದ ಮೇಲೆ ಆಫ್‌ಸೆಟ್, ಅಂದರೆ ಮೆಷಿನ್ನಿಗೆ ಕೊಡುವ ಟೂಲಿನ ಅಳತೆ, ತಪ್ಪಾಗಿ ಹಾಕಿದ್ದರು. ಬೋರ್ ಚಿಕ್ಕದಾದರೆ ಇನ್ನೊಂದು ಕಟ್ ಕೊಡಬಹುದು, ದೊಡ್ಡದಾದರೆ ಮುಗೀತು. ತೂತಿನ ಅಳತೆ ನೋಡುವ ಪ್ಲಗ್ ಗೇಜಿನ ನೋ-ಗೋ ತುದಿ, ಒಳಗೆ ಹೋಗಲೇಬಾರದ ತುದಿ, ಸಲೀಸಾಗಿ ಒಳಗೆ ಇಳಿಯುತ್ತಿತ್ತು. ಆಪರೇಟರ್ ಹುಡುಗನಿಗೆ ರಾತ್ರಿ 2 ಗಂಟೆಗೇ ಗೊತ್ತಾಗಿತ್ತು. ಸೂಪರ್‌ವೈಸರ್‌ಗೂ ಹೇಳಿದ್ದ. ಆದರೂ ಮೆಷಿನ್ ಬೆಳಗಿನವರೆಗೆ ಓಡಿತು. ಯಾಕೆ ಅಂತ ಕೇಳಿದೆ. ಸೂಪರ್‌ವೈಸರ್ ತಲೆ ತಗ್ಗಿಸಿಕೊಂಡೇ ಹೇಳಿದ: "ಹೋದ ತಿಂಗಳು ಮೆಷಿನ್ ನಿಲ್ಲಿಸಿದ್ದಕ್ಕೆ ಎಲ್ಲರ ಎದುರು ಬೈದಿದ್ರಿ ಮೇಡಂ." ಹೌದು, ಬೈದಿದ್ದೆ.

ಹಾಗಾಗಿ ಟೀಮ್ ಕಟ್ಟಬೇಕು ಅನ್ನುವವರಿಗೆ ನಾನು ಹೇಳುವ ಮೊದಲ ಕೆಲಸ: ಬೆಳಗಿನ ಮೀಟಿಂಗನ್ನು ಆಫೀಸ್ ರೂಮಿನಿಂದ ಹೊರಗೆ ತನ್ನಿ. ನಮ್ಮದು 8:45ಕ್ಕೆ, ರಿಜೆಕ್ಷನ್ ಟೇಬಲ್ ಸುತ್ತ ನಿಂತುಕೊಂಡೇ, ಹದಿನೈದು ನಿಮಿಷ. ಮೇಲೆ ಒಂದು ಕೆಂಪು ಟ್ರೇ. ಹಿಂದಿನ ದಿನ ಕೆಟ್ಟ ಪೀಸುಗಳೆಲ್ಲ ಅದರಲ್ಲಿರಬೇಕು. ಸಂಬಂಧಪಟ್ಟವರು ಪೀಸನ್ನು ಕೈಯಲ್ಲಿ ಹಿಡಿದು ಏನಾಯಿತು ಅಂತ ಹೇಳುತ್ತಾರೆ. ಯಾರು ಮಾಡಿದ್ದು ಅಂತ ಯಾರೂ ಕೇಳುವಂತಿಲ್ಲ. ಪಕ್ಕದ ಬೋರ್ಡಿನಲ್ಲಿ ಎರಡೇ ಕಾಲಂ: ಗೊತ್ತಾದ ಹೊತ್ತು, ಹೇಳಿದ ಹೊತ್ತು. ಆ ಎರಡರ ನಡುವಿನ ಅಂತರ ಕಡಿಮೆಯಾಗುತ್ತಿದೆಯಾ, ಅದನ್ನು ನೋಡಿ. ನಿಮ್ಮ ಕಂಪನಿಯ ಆರೋಗ್ಯ ಅಲ್ಲಿ ಕಾಣುತ್ತದೆ. ಓನರ್ ಮಾತಾಡುವುದು ಕೊನೆಗೆ. ನೀವು ಮೊದಲು ಬಾಯಿ ಬಿಟ್ಟರೆ ಉಳಿದವರೆಲ್ಲ ಅದಕ್ಕೇ ತಲೆಯಾಡಿಸುತ್ತಾರೆ.

ಮೊದಲ ಮೂರು ವಾರ ನಮ್ಮ ಟ್ರೇ ಖಾಲಿ ಇತ್ತು. ಯಾರಿಗೂ ನಂಬಿಕೆ ಇರಲಿಲ್ಲ. ಆಗ ನಾನೇ ನನ್ನದೊಂದು ಹಾಕಿದೆ: ಹೀಟ್ ಟ್ರೀಟ್‌ಮೆಂಟ್ ಖರ್ಚು ಸೇರಿಸದೆ ಕಳಿಸಿದ್ದ ಕೊಟೇಶನ್. ಗೊತ್ತಾದದ್ದು ಸೋಮವಾರ, ಹೇಳಿದ್ದು ಗುರುವಾರ ಅಂತ ಬೋರ್ಡಿನಲ್ಲಿ ಬರೆದೆ. ಮಾರನೇ ದಿನ ಟ್ರೇಯಲ್ಲಿ ಎರಡು ಪೀಸು ಬಂದವು. ಟೊಯೊಟಾ ಪದ್ಧತಿಯಲ್ಲಿ ಲೈನಿನಲ್ಲಿ ನಿಂತ ಕೆಲಸಗಾರನೇ ಹಗ್ಗ ಎಳೆದು ಅಥವಾ ಬಟನ್ ಒತ್ತಿ ಸಹಾಯ ಕರೆಯಬಹುದು, ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಆಂಡಾನ್ ಅಂತಾರೆ. ನಮ್ಮಲ್ಲಿ ಹಗ್ಗ ಇಲ್ಲ. ಅನುಮಾನ ಬಂದು ಮೆಷಿನ್ ನಿಲ್ಲಿಸಿದವರಿಗೆ ಬೈಗುಳ ಇಲ್ಲ ಅಂತ ಎಲ್ಲರ ಎದುರು ಮಾತು ಕೊಟ್ಟಿದ್ದೇನೆ.

ಆಮೇಲೆ ಜನರ ಆಯ್ಕೆ. ಒಳ್ಳೆ ಆಪರೇಟರ್ ಅಂತ ಸುಮ್ನೆ ಸೂಪರ್‌ವೈಸರ್ ಮಾಡಬೇಡಿ. ಒಂದು ವಾರ ಟೀ ಹೊತ್ತಿನಲ್ಲಿ ಗಮನಿಸಿ. ಡ್ರಾಯಿಂಗ್ ಅರ್ಥವಾಗದಿದ್ದಾಗ ಹುಡುಗರು ಯಾರ ಹತ್ತಿರ ಹೋಗುತ್ತಾರೆ? ನಮ್ಮಲ್ಲಿ ಎಲ್ಲರೂ ಹೋಗುತ್ತಿದ್ದದ್ದು ಇನ್‌ಸ್ಪೆಕ್ಷನ್‌ನಲ್ಲಿದ್ದ ಡಿಪ್ಲೊಮಾ ಹುಡುಗಿಯ ಹತ್ತಿರ. ಅವಳನ್ನು ಕ್ವಾಲಿಟಿಗೆ ಇನ್‌ಚಾರ್ಜ್ ಮಾಡಿದೆ. ಮೊದಲು ಕ್ವಾಲಿಟಿ ಪ್ರೊಡಕ್ಷನ್ ಕೈಕೆಳಗಿತ್ತು. ತಿಂಗಳ ಕೊನೆಯಲ್ಲಿ ಬಿಲ್ಲಿಂಗ್ ಒತ್ತಡ ಬಂದಾಗ ಅನುಮಾನದ ಪೀಸೂ ಪಾಸಾಗಿಬಿಡುತ್ತದೆ, ನಿಮಗೇ ಗೊತ್ತಲ್ವಾ? ಈಗ ಅವಳು ನೇರ ನನಗೆ ರಿಪೋರ್ಟ್ ಮಾಡುತ್ತಾಳೆ. ಅವಳು ಸಹಿ ಹಾಕದೆ ಮಾಲು ಗೇಟ್ ದಾಟುವುದಿಲ್ಲ.

ಅಪ್ಪನ ಕಾಲದಿಂದ ಇರುವ ಫೋರ್‌ಮನ್‌ಗೆ ಇದು ತುಂಬ ನೋವಾಯಿತು. "ಅಮ್ಮಾವ್ರೇ, ನಿನ್ನೆ ಮೊನ್ನೆ ಬಂದ ಮಗು ನನ್ನ ಮಾಲು ತಡೆಯೋದಾ?" ಅಂದರು. ಇಂಥ ಮಾತು ಬಂದಾಗ ಮೀಟಿಂಗಿನಲ್ಲಿ ಉತ್ತರ ಕೊಡಬೇಡಿ. ನಾನು ಸಂಜೆ ಅವರ ಜೊತೆ ಒಬ್ಬಳೇ ಕೂತೆ. ಹೊಸ ಹುಡುಗರಿಗೆ ಸೆಟ್ಟಿಂಗ್ ಕಲಿಸುವ ಜವಾಬ್ದಾರಿ ಪೂರ್ತಿ ನಿಮ್ಮದು, ನೀವು ಸೈ ಅನ್ನದೆ ಯಾರನ್ನೂ ಮೆಷಿನ್ ಮೇಲೆ ಒಬ್ಬನೇ ನಿಲ್ಲಿಸಲ್ಲ ಅಂದೆ. ಅವರು ಒಪ್ಪಲು ಎರಡು ತಿಂಗಳು ಹಿಡಿಯಿತು. ಹಿರಿಯರಿಗೆ ಆ ಸಮಯ ಕೊಡಲೇಬೇಕು.

ಅಧಿಕಾರವನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಗೋಡೆಗೆ ಅಂಟಿಸಿ. ನಮ್ಮದು ಒಂದೇ ಹಾಳೆ. ಮೆಷಿನ್ ನಿಲ್ಲಿಸುವುದು, 5,000 ರೂಪಾಯಿವರೆಗೆ ಟೂಲ್ ತರಿಸುವುದು, ಅರ್ಧ ದಿನ ರಜೆ, ಓಟಿ ಎಲ್ಲ ಸೂಪರ್‌ವೈಸರ್‌ದು. 25,000ದವರೆಗೆ ಪ್ರೊಡಕ್ಷನ್ ಇನ್‌ಚಾರ್ಜ್. ರೇಟು, ಹೊಸ ಮೆಷಿನ್, ಕೆಲಸದಿಂದ ತೆಗೆಯುವುದು ನನ್ನದು. ಅವರ ಪಟ್ಟಿಯಲ್ಲಿರುವ ವಿಷಯ ಹಿಡಿದುಕೊಂಡು ನಿಮ್ಮ ಹತ್ತಿರ ಬಂದರೆ "ನಿಮಗೇನನ್ನಿಸುತ್ತೆ?" ಅಂತ ಕೇಳಿ ವಾಪಸ್ ಕಳಿಸಿ. ಒಮ್ಮೆ ಸ್ಟೀಲ್ ಕೆಲಸಕ್ಕೆ ಅಲ್ಯೂಮಿನಿಯಂ ಗ್ರೇಡಿನ ಇನ್ಸರ್ಟ್ ತರಿಸಿಬಿಟ್ಟರು, 4,600 ರೂಪಾಯಿ. ನಾಲಿಗೆ ತುದಿಗೆ ಬಂದ ಮಾತು ನುಂಗಿಕೊಂಡೆ. ಮಾರನೇ ದಿನ ತರಿಸಿದವನೇ ಆ ಡಬ್ಬಿಯನ್ನು ಕೆಂಪು ಟ್ರೇಗೆ ಹಾಕಿದ. ಆ ದಿನ ನಾನು ಹಾಳೆಯ ಮೇಲಿನ 5,000ವನ್ನು 2,000 ಮಾಡಿದ್ದಿದ್ದರೆ ಇನ್ನು ಯಾರೂ ಏನನ್ನೂ ನಿರ್ಧರಿಸುತ್ತಿರಲಿಲ್ಲ.

ಇನ್ನು ಕೆಲವು ವಿಷಯ ಚರ್ಚೆಗೇ ಬರಬಾರದು. ಸಂಬಳ 7ನೇ ತಾರೀಕಿನೊಳಗೆ ಆಗಲೇಬೇಕು. ಟಾಯ್ಲೆಟ್ಟಿನಲ್ಲಿ ನೀರಿರಬೇಕು, ಹೆಣ್ಣುಮಕ್ಕಳಿಗೆ ಬೇರೆ ಇರಬೇಕು. ಹತ್ತು ಅಥವಾ ಹೆಚ್ಚು ಜನರಿದ್ದರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಹೊರಗಿನ ಸದಸ್ಯರೊಬ್ಬರು ಕಡ್ಡಾಯ. ನೋಟಿಸ್ ಕನ್ನಡದಲ್ಲಿ ಹಾಕಿ, ಬಿಹಾರ, ಒಡಿಶಾ ಹುಡುಗರಿದ್ದರೆ ಹಿಂದಿಯಲ್ಲೂ ಹಾಕಿ.

ಟೀಮ್ ಗಟ್ಟಿಯಾಗಿದೆಯಾ ಅಂತ ನೋಡಬೇಕಾದರೆ ಐದು ದಿನ ಊರು ಬಿಡಿ. ನೀವಾಗಿ ಫೋನ್ ಮಾಡಬೇಡಿ. ಹೋದ ವರ್ಷ ತಂಗಿ ಮಗಳ ಮದುವೆಗೆ ಅಂತ ಶಿರಸಿಗೆ ಹೋಗಿದ್ದೆ. ದಿನಕ್ಕೆ ಹತ್ತು ಸಲ ಕೈ ಫೋನಿಗೆ ಹೋಗುತ್ತಿತ್ತು, ತಡೆದುಕೊಂಡೆ. ವಾಪಸ್ ಬಂದ ಬೆಳಿಗ್ಗೆ ಟ್ರೇಯಲ್ಲಿ ಮೂರು ಬುಶ್ ಇದ್ದವು, ಅದೇ 25ರ ಬೋರಿನವು. ಒಂದು ಲಾಟ್ ಅರ್ಧ ದಿನ ತಡವಾಗಿ ಹೋಗಿತ್ತು, ಕಸ್ಟಮರ್‌ಗೆ ಇವರೇ ಮೊದಲೇ ಫೋನ್ ಮಾಡಿ ತಿಳಿಸಿದ್ದರು. ಬೋರ್ಡಿನಲ್ಲಿ ಬರೆದಿತ್ತು: ಗೊತ್ತಾದದ್ದು ರಾತ್ರಿ 3:10, ಹೇಳಿದ್ದು 3:15, ಮೆಷಿನ್ ನಿಲ್ಲಿಸಿದೆ. ಅಕ್ಷರ ಅವತ್ತು ತಲೆ ತಗ್ಗಿಸಿದ್ದ ಅದೇ ರಾತ್ರಿ ಶಿಫ್ಟಿನ ಸೂಪರ್‌ವೈಸರ್‌ದು.