ಕ್ರಿಸ್ಮಸ್ ಪೆಟ್ಟಿಗೆಯಲ್ಲಿ ಒಂದು ದಂಡು: ರಿಯಾಯಿತಿ ಅಳೆಯುವುದು ಹೇಗೆ?

ಡಿಸೆಂಬರ್ ಬಂತೆಂದರೆ ಮಂಗಳೂರಿನ ಬೇಕರಿಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಪೊಟ್ಟಣ ಜೋಡಿಸಿಡುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ ಎಲ್ಲ ಸೇರಿ ಒಂದೇ ರೇಟು. ಬಿಡಿಯಾಗಿ ಕೊಂಡರೆ ಜಾಸ್ತಿ ಬೀಳುತ್ತದೆ, ನಿಜ. ಆದರೆ ನಮ್ಮ ಮನೆಯಲ್ಲಿ ನೆವ್ರಿ ಎರಡೇ ದಿನದಲ್ಲಿ ಖಾಲಿ. ಕಿಡಿಯೊ ಮಾತ್ರ ಜನವರಿ ಕಳೆದರೂ ಡಬ್ಬಿಯ ತಳದಲ್ಲಿ ಸದ್ದು ಮಾಡುತ್ತಿರುತ್ತದೆ.

ಕಳೆದ ವರ್ಷ ಇಂಥದ್ದೇ ಇನ್ನೊಂದು ಪೊಟ್ಟಣದ ಸುದ್ದಿ ಮನೆಗೆ ಬಂತು. ಮಣಿಪಾಲದಲ್ಲಿ ಓದುವ ಅಕ್ಕನ ಮಗ ರಜೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಫೋನ್ ನನ್ನ ಮುಖಕ್ಕೆ ಹಿಡಿದ. "ಮಾಮ, ಇದು ನೋಡಿ. 26 ಸಾವಿರದ ಮಾಲು 18 ಸಾವಿರಕ್ಕೆ ಉಂಟು. ನಾಳೆ ಇರ್ಲಿಕ್ಕಿಲ್ಲ!"

ಅವನು ತೋರಿಸಿದ್ದು ವಾರ್‌ಹ್ಯಾಮರ್ 40,000 ಆಟದ ಹಬ್ಬದ ಪೆಟ್ಟಿಗೆ. ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೇಜಿನ ಮೇಲೆ ಆಡುವ ಯುದ್ಧದ ಆಟ. ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳನ್ನು ನಾವೇ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ದಂಡು ಕಟ್ಟಬೇಕು. ಆಮೇಲೆ ಟೇಪು ಹಿಡಿದು ದೂರ ಅಳೆದು, ದಾಳ ಎಸೆದು ಕಾದಾಟ. ಮಾಡುವವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್. ಕಂಪನಿ ಶುರುವಾದದ್ದು 1975ರಲ್ಲಿ, ಈ ಆಟ ಬಂದದ್ದು 1987ರಲ್ಲಿ. ವರ್ಷದ ಕೊನೆಗೆ ಅವರು 'ಬ್ಯಾಟಲ್‌ಫೋರ್ಸ್' ಎಂಬ ದೊಡ್ಡ ಪೆಟ್ಟಿಗೆಗಳನ್ನು ಬಿಡುತ್ತಾರೆ. ನಾಲ್ಕಾರು ಸೆಟ್ಟು ಒಟ್ಟಿಗೆ, ಬಿಡಿ ಬೆಲೆಗಿಂತ ಕಡಿಮೆಗೆ, ಸ್ಟಾಕ್ ಇರುವವರೆಗೆ ಮಾತ್ರ. ಈ ಕೊನೆಯ ಮಾತೇ ಹುಡುಗರ ನಿದ್ದೆ ಕೆಡಿಸುವುದು.

ನಾನೂ ಈ ಚಟಕ್ಕೆ ಬಿದ್ದವನೇ. ಹಾಗಾಗಿ ಬೈಯಲಿಲ್ಲ. ಕುಸ್ವಾರ್ ಬಾಕ್ಸಿನ ಮುಚ್ಚಳ ಮಗುಚಿ ಹಾಕಿ, ಪೆನ್ನು ಕೊಟ್ಟೆ.

ಮೊದಲು: ಬಿಡಿ ಬೆಲೆ ಬರೆಯಿರಿ, ಆದರೆ ನಿಜವಾದ ಬಿಡಿ ಬೆಲೆ

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು. ಲೆಕ್ಕ ಸುಲಭ ಆಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಒಬ್ಬ ನಾಯಕ 3,500 ರೂಪಾಯಿ. ಹತ್ತು ಕಾಲಾಳುಗಳ ಸೆಟ್ಟು ಎರಡು, ಒಂದಕ್ಕೆ 5,000. ಬೈಕ್ ಸವಾರರು ಮೂವರು, 5,500. ಒಂದು ಟ್ಯಾಂಕು, 7,000. ಒಟ್ಟು 26,000. ಪೆಟ್ಟಿಗೆಗೆ 18,000. ಶೇ 31ರಷ್ಟು ಉಳಿತಾಯ ಎಂದು ಹುಡುಗ ಕುಣಿದ.

ನಿಲ್ಲು ಎಂದೆ. ಆ 26,000 ಕಂಪನಿಯ ಪಟ್ಟಿ ಬೆಲೆ. ಪಟ್ಟಿ ಬೆಲೆ ಕೊಟ್ಟು ನೀನು ಯಾವತ್ತಾದರೂ ಕೊಂಡದ್ದುಂಟಾ? ಬೇರೆ ಬೇರೆ ಕಂಪನಿಗಳ ಮಾಲು ಇಡುವ ಅಂಗಡಿಗಳು ಬಿಡಿ ಸೆಟ್ಟಿನ ಮೇಲೂ ಸ್ವಲ್ಪ ಬಿಡುತ್ತವೆ. ನೀನು ಕೊಳ್ಳುವಲ್ಲಿ ಶೇ 15 ಬಿಡುತ್ತಾರೆ ಅಂತಿಟ್ಟುಕೋ. ಆಗ ಬಿಡಿಯಾಗಿ ಎಲ್ಲ ಕೊಂಡರೂ 22,100. ಉಳಿತಾಯ 4,100ಕ್ಕೆ ಇಳಿಯಿತು. ಶೇ 31 ಹೋಗಿ ಹತ್ತೊಂಬತ್ತೂ ಇಲ್ಲ.

ವರ್ಷವಿಡೀ ಸಿಗುವ 'ಕಾಂಬ್ಯಾಟ್ ಪೆಟ್ರೋಲ್' ಎಂಬ ಸಣ್ಣ ಪೆಟ್ಟಿಗೆಯನ್ನೂ ಮರೆಯಬೇಡಿ. 2020ರಿಂದ ಇದೆ. ಅದರಲ್ಲೂ ಬಿಡಿ ಬೆಲೆಗಿಂತ ಕಡಿಮೆಗೆ ಸಣ್ಣ ದಂಡು ಸಿಗುತ್ತದೆ. ನಿಮಗೆ ಬೇಕಾದ ಗೊಂಬೆ ಅದರಲ್ಲೇ ಇದ್ದರೆ ಹಬ್ಬದ ಪೆಟ್ಟಿಗೆಗೆ ಓಡುವ ಅಗತ್ಯವೇ ಇಲ್ಲ.

ಆಮೇಲೆ: ನೆವ್ರಿ ಯಾವುದು, ಕಿಡಿಯೊ ಯಾವುದು?

ನನ್ನ ಪ್ರಕಾರ ಇಡೀ ವಿಷಯ ನಿಂತಿರುವುದು ಇಲ್ಲಿ. ಪ್ರತಿ ಸೆಟ್ಟಿನ ಮುಂದೆ ಒಂದು ಪ್ರಶ್ನೆ ಬರೆಯಿರಿ: ಈ ಪೆಟ್ಟಿಗೆ ಬರದೇ ಇದ್ದಿದ್ದರೆ ಇದನ್ನು ನಾನು ಕೊಳ್ಳುತ್ತಿದ್ದೆನಾ? ಹೌದಾದರೆ ಪೂರ್ತಿ ಬೆಲೆ ಹಾಕಿ. 'ಇದ್ದರೆ ಸರಿ' ಅನಿಸಿದರೆ ಅರ್ಧ. ಇಲ್ಲ ಎಂದಾದರೆ ಸೊನ್ನೆ. ಸೊನ್ನೆ ಹಾಕುವಾಗ ಕೈ ನಡುಗುತ್ತದೆ. ನಡುಗಲಿ.

ಹುಡುಗನ ಬಳಿ ಆ ನಾಯಕ ಆಗಲೇ ಇದ್ದ. ಅವನು ಹೆಸರಿರುವ ವೀರ, ಆಟದ ಭಾಷೆಯಲ್ಲಿ 'ಎಪಿಕ್ ಹೀರೋ'. ಒಂದು ದಂಡಿನಲ್ಲಿ ಅಂಥವನು ಒಬ್ಬನೇ ಇರಬಹುದು. ಎರಡನೆಯವನು ಷೋಕೇಸಿಗೆ. ಸೊನ್ನೆ. ಒಂದು ಕಾಲಾಳು ಸೆಟ್ಟು ಬೇಕೇ ಬೇಕು, 4,250. ಎರಡನೆಯದ್ದು ಇದ್ದರೆ ಸರಿ, 2,125. ಬೈಕು ಬೇಡ, ಅವನೇ ಒಪ್ಪಿಕೊಂಡ. ಟ್ಯಾಂಕಿನ ಮೇಲೆ ಆರು ತಿಂಗಳಿಂದ ಕಣ್ಣಿತ್ತು, 5,950. ಎಲ್ಲ ಸೇರಿ 12,325. ಅಂದರೆ ಅವನ ಮಟ್ಟಿಗೆ 12,325 ರೂಪಾಯಿಯ ಸಾಮಾನಿಗೆ 18,000 ಕೊಡುವ ವ್ಯಾಪಾರ ಇದು. ಉಳಿಯುವುದು ಬಿಡಿ, 5,675 ಕೈಯಿಂದ ಹೋಗುತ್ತದೆ.

"ಬೇಡದ್ದನ್ನು ಮಾರಿದರೆ ಆಯ್ತಲ್ಲ ಮಾಮ?"

ಮಾರಬಹುದು ಮಾರಾಯ, ಯಾರಿಗೆ? ನಮ್ಮ ಊರಿನಲ್ಲಿ ಈ ಆಟ ಆಡುವವರು ಒಂದು ರಿಕ್ಷಾದಲ್ಲಿ ಹಿಡಿಸುವಷ್ಟು ಜನ. ಬೆಂಗಳೂರಿಗೆ ಕೊರಿಯರ್ ಮಾಡಬೇಕು, ಅದೂ ಅವರು ಕೇಳಿದ ಬೆಲೆಗೆ. ಮೇಲಾಗಿ ಅದೇ ಪೆಟ್ಟಿಗೆ ಕೊಂಡ ಎಲ್ಲರೂ ಅದೇ ಬೈಕನ್ನು ಅದೇ ವಾರ ಮಾರಲು ಕೂತಿರುತ್ತಾರೆ.

ಅದಕ್ಕಿಂತ ಕೊಳ್ಳುವ ಮೊದಲೇ ಪಾಲುದಾರನನ್ನು ಹುಡುಕುವುದು ಒಳ್ಳೆಯದು. ಹುಡುಗನ ಗೆಳೆಯ ಒಬ್ಬ ಉಡುಪಿಯವನು. ಅವನಿಗೆ ಬೈಕು, ನಾಯಕ, ಇನ್ನೊಂದು ಕಾಲಾಳು ಸೆಟ್ಟು ಬೇಕಿತ್ತು. ಪಟ್ಟಿ ಬೆಲೆಯಲ್ಲಿ ಅವನ ಪಾಲು 14,000, ನಮ್ಮವನದ್ದು 12,000. ಅದೇ ಅನುಪಾತದಲ್ಲಿ 18,000 ಹಂಚಿದರೆ ಅವನಿಗೆ ಸುಮಾರು 9,700, ಇವನಿಗೆ 8,300. ಬಿಡಿಯಾಗಿ ಕೊಂಡಿದ್ದರೆ ಅವನಿಗೆ 11,900, ಇವನಿಗೆ 10,200 ಬೀಳುತ್ತಿತ್ತು. ಇಬ್ಬರಿಗೂ ಎರಡು ಸಾವಿರದ ಆಸುಪಾಸು ಉಳಿಯಿತು. ಸಮಸಮ ಅರ್ಧ ಮಾಡಬೇಡಿ, ಟ್ಯಾಂಕಿನವನಿಗೂ ಬೈಕಿನವನಿಗೂ ಜಗಳ ಹತ್ತುವುದು ಅಲ್ಲೇ.

ಒಳಗಿನವರು ಒಟ್ಟಿಗೆ ಆಡುತ್ತಾರಾ?

ಯಕ್ಷಗಾನ ಮೇಳದಲ್ಲಿ ಬರೀ ಬಣ್ಣದ ವೇಷದವರೇ ಇದ್ದರೆ ಪ್ರಸಂಗ ನಡೆಯುವುದಿಲ್ಲ ಅಲ್ವಾ? ದಂಡೂ ಹಾಗೆಯೇ. ಆಟದ ನಿಯಮಗಳ 2023ರ ಹತ್ತನೇ ಆವೃತ್ತಿಯಲ್ಲಿ ನಾಯಕರು ನಿರ್ದಿಷ್ಟ ತುಕಡಿಗಳ ಜೊತೆ ಮಾತ್ರ ಸೇರಬಹುದು. ಪೆಟ್ಟಿಗೆಯ ನಾಯಕ ಅದೇ ಪೆಟ್ಟಿಗೆಯ ಕಾಲಾಳುಗಳ ಜೊತೆ ಸೇರುತ್ತಾನಾ ಎಂದು ಅವನ ನಿಯಮದ ಹಾಳೆಯಲ್ಲಿ ನೋಡಿ. ಸೇರದಿದ್ದರೆ ಅವನಿಗೊಂದು ತುಕಡಿ ಬೇರೆ ಕೊಳ್ಳಬೇಕು. ಆ ಆವೃತ್ತಿಯಲ್ಲಿ ಇನ್ನೊಂದು ಮಿತಿ ಉಂಟು. ಪ್ರತಿ ತುಕಡಿಗೂ ಅದರ ಬಲಕ್ಕೆ ತಕ್ಕ ಪಾಯಿಂಟು ಇರುತ್ತದೆ, ದಂಡಿನ ಗಾತ್ರ ಅಳೆಯುವುದು ಅದರಿಂದಲೇ. 2,000 ಪಾಯಿಂಟ್‌ನ ಆಟದಲ್ಲಿ ಒಂದೇ ಬಗೆಯ ತುಕಡಿ ಮೂರರ ಮೇಲೆ ಇಲ್ಲ. 'ಬ್ಯಾಟಲ್‌ಲೈನ್' ಎಂಬ ಗುರುತಿದ್ದರೆ ಆರರವರೆಗೆ. ಒಂದೇ ಪೆಟ್ಟಿಗೆ ಎರಡು ಕೊಳ್ಳುವ ಹುಮ್ಮಸ್ಸಿದ್ದವರು ಇದನ್ನು ಮೊದಲು ಲೆಕ್ಕ ಹಾಕಲಿ.

'ಇಷ್ಟು ರೂಪಾಯಿಗೆ ಇಷ್ಟು ಪಾಯಿಂಟು' ಎಂದು ಭಾಗಾಕಾರ ಮಾಡುವವರೂ ಇದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಪಾಯಿಂಟುಗಳನ್ನು ಕಂಪನಿ ಆಗಾಗ ತಿದ್ದುತ್ತದೆ. ಇಂದಿನ 200 ಪಾಯಿಂಟಿನ ಟ್ಯಾಂಕು ಮುಂದಿನ ಮಳೆಗಾಲಕ್ಕೆ 160 ಆಗಬಹುದು. ಟ್ಯಾಂಕು ಅದೇ, ನಿಮ್ಮ ಭಾಗಾಕಾರ ಮಾತ್ರ ಹಾಳು.

ಅಚ್ಚಿನ ವಯಸ್ಸು ನೋಡಿ

ಗೊಂಬೆಯ ತುಂಡುಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂತು ಬರುತ್ತವೆ. ಸ್ಪ್ರೂ ಎನ್ನುತ್ತಾರೆ. ಅದರ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸಣ್ಣ ಉಬ್ಬು ಅಕ್ಷರಗಳಲ್ಲಿ ಇಸವಿ ಕಾಣುತ್ತದೆ. ಅಚ್ಚು ಆದ ವರ್ಷ ಅದು. ಪೆಟ್ಟಿಗೆ ಹೊಸತು, ಒಳಗಿನ ಅಚ್ಚು ಹತ್ತು ಹನ್ನೆರಡು ವರ್ಷ ಹಳತು, ಹೀಗೂ ಉಂಟು. ಆನ್‌ಲೈನ್‌ನಲ್ಲಿ ಕೊಳ್ಳುವವರು ಸ್ಪ್ರೂವಿನ ಫೋಟೊ ಹುಡುಕಿ ನೋಡಬಹುದು.

ಹಳತು ಎಂದರೆ ಕೆಟ್ಟದ್ದು ಅಂತಲ್ಲ. ಕೆಲವು ಹಳೆಯ ಅಚ್ಚು ನನಗೆ ಹೊಸತಕ್ಕಿಂತ ಇಷ್ಟ. ಆದರೆ ಹಳತಿಗೆ ಬದಲಿ ಬರುವ ದಿನ ಹತ್ತಿರ ಇರುತ್ತದೆ. 2017ರಲ್ಲಿ ಈ ಆಟದ ಯೋಧರಾದ ಸ್ಪೇಸ್ ಮೆರೀನ್‌ಗಳಿಗೆ 'ಪ್ರೈಮಾರಿಸ್' ಎಂಬ ಎತ್ತರದ ಹೊಸ ತಲೆಮಾರು ಬಂತು. ಅದರ ಪಕ್ಕದಲ್ಲಿ ನನ್ನ ಹಳೆಯ ಯೋಧರು ಯುವಕರ ನಡುವಿನ ಅಜ್ಜಂದಿರ ಹಾಗೆ ಕುಳ್ಳಗೆ ಕಾಣತೊಡಗಿದರು. ಇದಕ್ಕಿಂತ ಕಠಿಣವೂ ಆಗುತ್ತದೆ. ಇದೇ ಕಂಪನಿಯ ಏಜ್ ಆಫ್ ಸಿಗ್ಮಾರ್ ಆಟದ ನಾಲ್ಕನೇ ಆವೃತ್ತಿ 2024ರಲ್ಲಿ ಬಂದಾಗ 'ಬೀಸ್ಟ್ಸ್ ಆಫ್ ಕೇಯಾಸ್' ಎಂಬ ಇಡೀ ಪಡೆಯನ್ನೇ ಆ ಆಟದಿಂದ ತೆಗೆಯುವುದಾಗಿ ಹೇಳಿದರು. ದಂಡು ಕಟ್ಟಿದವರ ಹೊಟ್ಟೆ ಉರಿದದ್ದು ಸಹಜ.

40,000ದ ನಿಯಮಗಳು 2017, 2020, 2023 ಹೀಗೆ ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಕಂಡಿವೆ. ಆವೃತ್ತಿ ಬದಲಾಗುವ ಹೊತ್ತಿನಲ್ಲಿ ನಿಯಮ ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ಗೊಂಬೆ ಉಳಿಯುತ್ತದೆ, ಪುಸ್ತಕ ರದ್ದಿಗೆ ಹೋಗುತ್ತದೆ.

ಮನೆ ಬಾಗಿಲಿಗೆ ಬಂದಾಗಿನ ಬೆಲೆ

ಇಂಗ್ಲೆಂಡಿನ ಬೆಲೆಯನ್ನು ರೂಪಾಯಿಗೆ ಗುಣಿಸಿ 'ಇಷ್ಟೇನಾ' ಎನ್ನುವವರು ಸುಂಕ ಮರೆಯುತ್ತಾರೆ. ಆಟಿಕೆಗಳ ಆಮದು ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಸ್ವಂತಕ್ಕೆ ತರಿಸುವ ಪಾರ್ಸೆಲ್ಲಿನ ದರ ಬೇರೆ, ಆದರೆ ಸುಂಕ ತಪ್ಪುವುದಿಲ್ಲ. ಅದೂ ಸಾಮಾನಿನ ಬೆಲೆಗೆ ಸಾಗಣೆ ಖರ್ಚು ಸೇರಿಸಿದ ಮೇಲೆ ಹಾಕುವುದು. ಪೆಟ್ಟಿಗೆ ದೊಡ್ಡದು, ಒಳಗೆ ಗಾಳಿಯೇ ಜಾಸ್ತಿ, ಸಾಗಣೆ ದುಬಾರಿ. 'ಗಿಫ್ಟ್ ಎಂದು ಬರೆಸಿದರೆ ಆಯ್ತು' ಎಂಬ ಹಳೆಯ ಉಪಾಯವೂ ಈಗ ನಡೆಯುವುದಿಲ್ಲ. 5,000 ರೂಪಾಯಿವರೆಗಿನ ಉಡುಗೊರೆ ಪಾರ್ಸೆಲ್ಲಿಗೆ ಇದ್ದ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ. ಹಾಗಾಗಿ ಭಾರತದ ಅಂಗಡಿಯವರು ಹೇಳುವ, ಎಲ್ಲ ಸೇರಿದ ಬೆಲೆಯ ಜೊತೆಗೇ ಹೋಲಿಸಿ.

ನಮ್ಮ ಕಡೆಯವರಿಗೆ ಇನ್ನೊಂದು ದಾರಿ ಉಂಟು: ದುಬೈಯ ಚಿಕ್ಕಪ್ಪ. ಅವರ ಬ್ಯಾಗೇಜಿಗೆ ಸುಂಕವಿಲ್ಲದ ಒಂದು ಮಿತಿ ಇರುತ್ತದೆ. ಅದರೊಳಗೆ ಎಲ್ಲರ ಚಾಕಲೇಟು, ಅತ್ತರು, ಟಾಂಗ್ ಡಬ್ಬಿಯ ನಡುವೆ ನಿಮ್ಮ ಟ್ಯಾಂಕಿಗೂ ಜಾಗ ಕೇಳಬೇಕು. ಪೆಟ್ಟಿಗೆ ಬಿಟ್ಟು ಸ್ಪ್ರೂಗಳನ್ನು ಮಾತ್ರ ಬಟ್ಟೆಯ ನಡುವೆ ಇಟ್ಟರೆ ಅರ್ಧ ಜಾಗ ಸಾಕು. ಸ್ಪ್ರೇ ಪೇಂಟ್ ಮಾತ್ರ ತರಲು ಹೇಳಬೇಡಿ, ವಿಮಾನದಲ್ಲಿ ಬಿಡುವುದಿಲ್ಲ.

ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಅದು ಅಚ್ಚು ಕದ್ದು ಎರಕ ಹೊಯ್ದ ನಕಲಿ ಇರಬಹುದು. ಸ್ಪ್ರೂ ಇಲ್ಲದೆ ಬಿಡಿ ತುಂಡುಗಳು ಪ್ಲಾಸ್ಟಿಕ್ ಚೀಲದಲ್ಲಿ ಬಂದರೆ ಅನುಮಾನಪಡಿ.

ಕೊನೆಯ ಲೆಕ್ಕ ಗಂಟೆಗಳದ್ದು

ಒಂದು ಕಾಲಾಳು ಗೊಂಬೆಗೆ ಕತ್ತರಿಸುವುದು, ಅಂಟಿಸುವುದು, ಬಣ್ಣ ಎಲ್ಲ ಸೇರಿ ನನಗೆ ಎರಡು ಗಂಟೆ ಹಿಡಿಯುತ್ತದೆ. ಇಪ್ಪತ್ತು ಗೊಂಬೆಗೆ 40 ಗಂಟೆ. ವಾರಕ್ಕೆ ಎರಡು ಗಂಟೆ ಸಿಕ್ಕರೆ ಐದು ತಿಂಗಳು. ಡಿಸೆಂಬರ್‌ನಲ್ಲಿ ಕೊಂಡದ್ದು ಮುಗಿಯುವಾಗ ಮೇ. ಆಮೇಲೆ ಮಳೆ. ನಮ್ಮ ಮಳೆಗಾಲದ ತೇವದಲ್ಲಿ, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಸ್ಪ್ರೇ ಹೊಡೆದರೆ ಗೊಂಬೆಯ ಮೈ ಮೇಲೆ ಬೂದಿ ಉದುರಿದ ಹಾಗೆ ತರಿತರಿಯಾಗಿ ಕೂರುತ್ತದೆ. ಮುಖದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಹಾಗಾಗಿ ಸ್ಪ್ರೇ ಕೆಲಸ ಏನಿದ್ದರೂ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ, ಬಿಸಿಲೇರಿದ ಮೇಲೆ, ತಾರಸಿಯಲ್ಲಿ.

ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡೇ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಹಬ್ಬದ ಪೆಟ್ಟಿಗೆ ಕೊಂಡೆ. ರಜೆ ಮುಗಿಯಿತು, ಆಫೀಸು ಶುರುವಾಯಿತು, ಪೆಟ್ಟಿಗೆ ಅಟ್ಟ ಹತ್ತಿತು. ಎರಡು ಮಳೆಗಾಲ ಕಳೆದು ಇಳಿಸಿದರೆ ರಟ್ಟಿನ ಮೂಲೆಗೆ ಬೂಸ್ಟು, ತಳಕ್ಕೆ ಗೆದ್ದಲಿನ ಮಣ್ಣಿನ ಗೆರೆ. ಜೋಡಿಸುವ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಿನ ಹಾಗಾಗಿದ್ದವು. ಭುಜದ ಮೇಲೆ ಅಂಟಿಸುವ ಲಾಂಛನಗಳ ಹಾಳೆ ಹಳದಿಗಟ್ಟಿ, ನೀರಿಗೆ ಹಾಕಿದರೆ ಚೂರುಚೂರು. ಪ್ಲಾಸ್ಟಿಕ್‌ಗೆ ಏನೂ ಆಗಿರಲಿಲ್ಲ. ಆದರೆ ಅಷ್ಟರಲ್ಲಿ ಅದೇ ಸೆಟ್ಟು ಬಿಡಿಯಾಗಿ ಯಾವಾಗ ಬೇಕಾದರೂ ಸಿಗುತ್ತಿತ್ತು. ಆ ಡಿಸೆಂಬರ್‌ನಲ್ಲಿ ಅರ್ಜೆಂಟು ಮಾಡಿದ್ದು ಎಂತಕ್ಕೆ ಎಂದು ಹೆಂಡತಿ ಕೇಳಿದಳು. ನಾನು ಗೆದ್ದಲಿನ ಔಷಧಿ ತರಲು ಹೊರಟೆ.

ಹಾಗಾಗಿ ಹುಡುಗನಿಗೆ ಒಂದು ಷರತ್ತು ಹಾಕಿದೆ. ಮನೆಯಲ್ಲಿ ಆಗಲೇ ಇರುವ, ಬಣ್ಣ ಕಾಣದ ಗೊಂಬೆ ಎಷ್ಟು? ಎಣಿಸಿದ. ಮೂವತ್ತನಾಲ್ಕು. ಅದರಲ್ಲಿ ಹತ್ತು ಮುಗಿಸಿದರೆ ಹೊಸತಕ್ಕೆ ಅವನ ಪಾಲಿನ ಅರ್ಧ ನಾನು ಕೊಡುವುದು. ಪೆಟ್ಟಿಗೆ ಖಾಲಿಯಾಗುತ್ತದೆ ಎಂದು ಒದ್ದಾಡಿದ. ಹತ್ತು ಮುಗಿಯಲು ಎರಡು ವಾರ ಹಿಡಿಯಿತು. ಅಷ್ಟು ದಿನ ಕಳೆದರೂ ಪೆಟ್ಟಿಗೆ ಅಂಗಡಿಯಲ್ಲಿ ಇತ್ತು. ಕೆಲವು ಪಡೆಗಳದ್ದು ಒಂದೇ ದಿನದಲ್ಲಿ ಹೋಗುತ್ತದೆ, ಕೆಲವು ಹೊಸ ವರ್ಷ ಕಳೆದರೂ ಕಪಾಟಿನಲ್ಲೇ ಇರುತ್ತವೆ. ನಮ್ಮದು ಎರಡನೆಯ ಜಾತಿ.

ಪಾರ್ಸೆಲ್ ಬಂದ ದಿನ ಉಡುಪಿಯ ಗೆಳೆಯನೂ ಬಸ್ಸು ಹತ್ತಿ ಬಂದ. ಟೇಪು ಕತ್ತರಿಸುವಾಗ ವಿಡಿಯೊ ಮಾಡಿಸಿದೆ. ಏನಾದರೂ ಕಮ್ಮಿ ಬಿದ್ದರೆ ಅಂಗಡಿಯವರಿಗೆ ತೋರಿಸಲು ಬೇಕಾಗುತ್ತದೆ. ಸ್ಪ್ರೂಗಳನ್ನು ನೆಲದ ಮೇಲೆ ಹರಡಿ ಪುಸ್ತಕದ ಚಿತ್ರದ ಜೊತೆ ತಾಳೆ ನೋಡಿದೆವು. ಎಲ್ಲ ಸರಿ ಇತ್ತು. ಟ್ಯಾಂಕು ಇವನ ಕಡೆ, ಬೈಕು ಅವನ ಕಡೆ. ಲಾಂಛನದ ಹಾಳೆ ಮಾತ್ರ ಒಂದೇ ಇತ್ತು, ಅದನ್ನು ಲೆಕ್ಕದಲ್ಲಿ ಹಿಡಿದಿರಲಿಲ್ಲ. ಇಬ್ಬರೂ ಕತ್ತರಿ ಹುಡುಕುತ್ತಿದ್ದರು.